ಮೊಮ್ಮಕ್ಕಳಿಗೆ ಆಸ್ತಿ: ಇಚ್ಛೆಯೊಂದೇ ಸಾಲದು, ಬರಹವೂ ಬೇಕು

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ಹಿರಿಯರೊಬ್ಬರು ಸ್ವಂತ ದುಡಿಮೆಯಿಂದ ಎರಡು ಎಕರೆ ಹೊಲ ಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅದು ಮಗನ ಎಂಟು ವರ್ಷದ ಮಗಳಿಗೆ ಸೇರಲಿ ಎಂಬುದು ಅವರ ಇಚ್ಛೆ. ಆದರೆ ಏನನ್ನೂ ಬರೆದಿಡದೆ ಅವರು ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೊಲವು ಪತ್ನಿ, ಮಕ್ಕಳು ಹಾಗೂ ತಾಯಿಗೆ ಸಮನಾಗಿ ಹಂಚಿಹೋಗುತ್ತದೆ. ತಂದೆ ಬದುಕಿರುವಾಗ ಮೊಮ್ಮಗಳಿಗೆ ಅದರಲ್ಲಿ ಪಾಲಿಲ್ಲ.

ಮೃತ್ಯುಪತ್ರ ಬರೆದರೆ ಸಾಕೆ?: ಮೃತ್ಯುಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ, ನೋಂದಣಿ ಕಡ್ಡಾಯವಲ್ಲ. ನೇರವಾಗಿ ಅಪ್ರಾಪ್ತ ವಯಸ್ಕರ ಹೆಸರಿಗೆ ಬರೆದ ಆಸ್ತಿಯನ್ನು ಸಾಮಾನ್ಯವಾಗಿ ತಂದೆ, ಅವರ ನಂತರ ತಾಯಿ ಪಾಲಕರಾಗಿ ನೋಡಿಕೊಳ್ಳುತ್ತಾರೆ. ಹೊಲ, ಮನೆ ಮಾರಲು ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದರೆ, 18 ವರ್ಷ ತುಂಬಿದ ನಂತರ ಮೂರು ವರ್ಷಗಳೊಳಗೆ ಮೊಮ್ಮಗಳು ಅದನ್ನು ಪ್ರಶ್ನಿಸಬಹುದು. ಆದರೆ ನಗದು, ಬಂಗಾರಕ್ಕೆ ಪೂರ್ವಾನುಮತಿಯ ಈ ಕಟ್ಟಳೆ ಇಲ್ಲ. ಖರ್ಚಾದ ಹಣ ಮರಳಿ ಬರುವುದು ಕಷ್ಟ.

ಟ್ರಸ್ಟ್ ರಚನೆ: ಇಲ್ಲಿಯೇ ಖಾಸಗಿ ಟ್ರಸ್ಟ್ ನೆರವಿಗೆ ಬರುತ್ತದೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಟ್ರಸ್ಟನ್ನು ನೋಂದಾಯಿತ ಪತ್ರದ ಮೂಲಕ ಅಥವಾ ಮೃತ್ಯುಪತ್ರದ ಮೂಲಕ ಸ್ಥಾಪಿಸಬೇಕು. ಉದ್ದೇಶ, ಫಲಾನುಭವಿ, ಆಸ್ತಿಯ ವಿವರ ಸ್ಪಷ್ಟವಾಗಿರಬೇಕು. ಶಾಲೆಯ ಶುಲ್ಕ, ಚಿಕಿತ್ಸೆಗೆ ಎಷ್ಟು ಖರ್ಚು ಮಾಡಬಹುದು, ಆಸ್ತಿಯನ್ನು ಯಾವಾಗ ಒಪ್ಪಿಸಬೇಕು, ಟ್ರಸ್ಟಿ ತೀರಿಕೊಂಡರೆ ಮುಂದಿನವರು ಯಾರು ಎಂಬುದನ್ನೂ ಬರೆಯುವುದು ಲೇಸು.

ಟ್ರಸ್ಟಿಯ ಹೊಣೆ: ಟ್ರಸ್ಟಿಯು ಆಸ್ತಿಯ ಕಾವಲುಗಾರನೇ ಹೊರತು ಅನುಭೋಗಿಯಲ್ಲ. ಸ್ವಂತ ಲಾಭಕ್ಕೆ ಅದನ್ನು ಬಳಸುವಂತಿಲ್ಲ. ಪತ್ರದಲ್ಲಿ ಹೇಳಿರದಿದ್ದರೆ ಸಂಭಾವನೆಗೂ ಹಕ್ಕಿಲ್ಲ. ಲೆಕ್ಕಪತ್ರ ಸರಿಯಾಗಿಟ್ಟು, ಕೇಳಿದಾಗ ತೋರಿಸಬೇಕು. ಕರ್ತವ್ಯಲೋಪದಿಂದಾದ ನಷ್ಟವನ್ನು ತುಂಬಿಕೊಡಬೇಕು. ಒಬ್ಬರಿಗಿಂತ ಹೆಚ್ಚು ಟ್ರಸ್ಟಿಗಳಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಹೊರತು, ಎಲ್ಲರೂ ಸೇರಿಯೇ ನಿರ್ಧರಿಸಬೇಕು. ಆದ್ದರಿಂದ ಇಬ್ಬರನ್ನು ನೇಮಿಸಿದರೆ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರುತ್ತದೆ.

ಗಮನಿಸಬೇಕಾದದ್ದು: ಪಿತ್ರಾರ್ಜಿತ ಆಸ್ತಿಯಲ್ಲಿ ಬರೆದಿಡಲು ಸಾಧ್ಯವಿರುವುದು ತಮ್ಮ ಪಾಲನ್ನು ಮಾತ್ರ. ಫಲಾನುಭವಿಗಳ ಪಾಲು ನಿಗದಿಯಾಗದ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುವುದರಿಂದ ಪ್ರತಿಯೊಬ್ಬರ ಪಾಲನ್ನೂ ನಮೂದಿಸುವುದು ಒಳಿತು. ಕರಡನ್ನು ವಕೀಲರಿಗೆ ತೋರಿಸಿ, ಮನೆಮಂದಿಗೂ ವಿಷಯ ತಿಳಿಸಿದರೆ ಮುಂದಿನ ವ್ಯಾಜ್ಯ ಬಹುಮಟ್ಟಿಗೆ ತಪ್ಪುತ್ತದೆ.