ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ಹುಡುಗ ಎಲ್ಲರಿಗೂ ಹಾಸ್ಟೆಲು ಕಟ್ಟಿದ ಕಥೆ

ಕೊಲ್ಲಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನಲ್ಲಿ ಕುಂಭೋಜ ಎಂಬ ಊರಿದೆ. ಬಾಹುಬಲಿ ಬೆಟ್ಟಕ್ಕೆ ಹತ್ತಿರದ ಈ ಊರಿನಲ್ಲಿ 1887ರ ಸೆಪ್ಟೆಂಬರ್ 22ರಂದು ಭಾವೂರಾವ್ ಪಾಟೀಲರು ಹುಟ್ಟಿದರು. ಮಹಾರಾಷ್ಟ್ರದ ಜನರಿಗೆ ಅವರು ‘ಕರ್ಮವೀರ’, ಅವರ ಹಾಸ್ಟೆಲಿನಲ್ಲಿ ಬೆಳೆದ ಮಕ್ಕಳಿಗೆ ‘ಅಣ್ಣ’. ಕರಾವಳಿಯ ನಮಗೆ ಅವರ ಪರಿಚಯ ಕಡಿಮೆ. ಆದರೆ ಅವರ ಜೈನ ಮನೆತನದ ಹಿರಿಯರು ಮೂಡುಬಿದಿರೆ ಕಡೆಯಿಂದ ಹೋದವರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹಾಗೆ ನೋಡಿದರೆ ಅವರು ನಮ್ಮ ನೆರೆಮನೆಯವರೇ.

ಓದಲೆಂದು ಭಾವೂರಾವ್ ಕೊಲ್ಲಾಪುರಕ್ಕೆ ಬಂದಾಗ ಅಲ್ಲಿ ಶಾಹು ಮಹಾರಾಜರ ಆಡಳಿತ. ಹಳ್ಳಿಯ ಮಕ್ಕಳು ಪೇಟೆಯಲ್ಲಿ ಓದಬೇಕಾದರೆ ಮೊದಲು ತಂಗಲು ಜಾಗ, ತಿನ್ನಲು ಅನ್ನ ಬೇಕು ಎಂದು ಅರಿತಿದ್ದ ಮಹಾರಾಜರು ಒಂದೊಂದು ಸಮುದಾಯಕ್ಕೂ ಹಾಸ್ಟೆಲು ಕಟ್ಟಿಸಲು ನೆರವಾದರು. 1901ರಲ್ಲಿ ಮರಾಠರಿಗೆ ಮತ್ತು ಜೈನರಿಗೆ, 1906ರಲ್ಲಿ ಮುಸ್ಲಿಮರಿಗೆ, 1908ರಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದವರಿಗೆ. ಮುಸ್ಲಿಂ ವಿದ್ಯಾಸಂಸ್ಥೆಗೆ ಮಹಾರಾಜರೇ ಅಧ್ಯಕ್ಷರಾಗಿ ನಿಂತರು.

1908ರ ಆ ಹಾಸ್ಟೆಲಿನ ಸಮಾರಂಭಕ್ಕೆ ಜೈನ ಬೋರ್ಡಿಂಗಿನ ಹುಡುಗ ಭಾವೂರಾವ್ ಹೋಗಿಬಂದರು. ಮರಳಿದಾಗ ಸ್ನಾನ ಮಾಡಿ ಶುದ್ಧನಾಗಬೇಕೆಂಬ ಅಪ್ಪಣೆಯಾಯಿತು. ಮನುಷ್ಯರ ನಡುವೆ ಕೂತು ಬಂದವನು ಯಾಕೆ ಶುದ್ಧನಾಗಬೇಕು? ಅವರು ಒಪ್ಪಲಿಲ್ಲ. ಹಾಸ್ಟೆಲು ಬಿಡಬೇಕಾಯಿತು.

ಆಗ ಆ ಬೋರ್ಡಿಂಗಿನ ಮೇಲ್ವಿಚಾರಕರಾಗಿದ್ದವರು ಅಣ್ಣಾಸಾಹೇಬ ಲಠ್ಠೆ. ಕೆಲವು ವರ್ಷಗಳ ಬಳಿಕ, 1914ರಲ್ಲಿ, ಕೊಲ್ಲಾಪುರದಲ್ಲಿ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆಯಿತು. ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳುವಂತೆ ಭಾವೂರಾವ್ ಮೇಲೆ ಒತ್ತಡ ಬಂತು. ಹಳೆಯ ಸೇಡು ತೀರಿಸಿಕೊಳ್ಳಲು ಸುಲಭದ ಅವಕಾಶ. ಅವರು ಸುಳ್ಳು ಹೇಳಲಿಲ್ಲ, ಸೆರೆವಾಸ ಅನುಭವಿಸಿದರು. ಮುಂದೆ ಸಾವಿರಾರು ತಂದೆತಾಯಿಯರು ತಮ್ಮ ಮಕ್ಕಳನ್ನು ನಂಬಿ ಒಪ್ಪಿಸಿದ್ದು ಇಂಥ ಮನುಷ್ಯನ ಕೈಗೆ.

ಹೊಟ್ಟೆಪಾಡಿಗೆ ಅವರು ಓಗಲೆ ಗಾಜಿನ ಸಾಮಾನು, ಕಿರ್ಲೋಸ್ಕರ್ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ತಿರುಗಿದರು. ಶಾಲೆಯಿಲ್ಲದ ಊರುಗಳನ್ನು ಕಣ್ಣಾರೆ ಕಂಡರು. 1919ರ ಅಕ್ಟೋಬರ್ 4ರಂದು ಸಾತಾರಾ ಜಿಲ್ಲೆಯ ಕಾಲೆ ಗ್ರಾಮದಲ್ಲಿ ‘ರಯತ ಶಿಕ್ಷಣ ಸಂಸ್ಥೆ’ ಹುಟ್ಟಿತು. ‘ರಯತ’ ಅರಬಿಯಿಂದ ಬಂದ ಪದ. ನಮ್ಮ ‘ರೈತ’ನೂ ಅದೇ. 1924ರಲ್ಲಿ ಸಾತಾರಾದಲ್ಲಿ ಹಾಸ್ಟೆಲು ಆರಂಭವಾಯಿತು. ಇಲ್ಲಿ ಮರಾಠ, ಜೈನ, ಮುಸ್ಲಿಂ, ದಲಿತ ಮಕ್ಕಳಿಗೆ ಒಂದೇ ಅಡುಗೆ, ಒಂದೇ ಪಂಕ್ತಿ. ಮಕ್ಕಳೇ ಅಡುಗೆ ಮಾಡಿದರು, ಹೊಲದಲ್ಲಿ ದುಡಿದರು, ಓದಿದರು. 1927ರ ಫೆಬ್ರವರಿ 25ರಂದು ಗಾಂಧೀಜಿ ಬಂದು ಆ ಹಾಸ್ಟೆಲಿಗೆ ಶಾಹು ಮಹಾರಾಜರ ಹೆಸರಿಟ್ಟರು.

ಅನ್ನಕ್ಕೆ ದುಡ್ಡಿಲ್ಲದ ದಿನಗಳಲ್ಲಿ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು ಒಂದೊಂದಾಗಿ ಕೊಟ್ಟರು, ಕೊನೆಗೆ ಮಂಗಳಸೂತ್ರವನ್ನೂ. ಅಣ್ಣನ ಹೆಸರು ಹೇಳುವಾಗ ಈ ತಾಯಿಯನ್ನು ಮರೆಯಬಾರದು.

ಸ್ಕೌಟ್ ಚಳವಳಿ ಭಾರತಕ್ಕೆ ಬಂದದ್ದು 1909ರಲ್ಲಿ, ಬೆಂಗಳೂರಿಗೆ. ಸ್ವಂತ ಕೆಲಸ ಸ್ವಂತ ಕೈಯಲ್ಲಿ, ಪರರಿಗೆ ಸೇವೆ ಎಂಬ ಪಾಠ ಅದರದ್ದು. ಆದರೆ ಮೊದಮೊದಲು ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಸಮವಸ್ತ್ರವಿಲ್ಲದೆ, ಸೀಟಿಯಿಲ್ಲದೆ ಅದೇ ಪಾಠವನ್ನು ಭಾವೂರಾವ್ ಬಡ ರೈತರ ಮಕ್ಕಳಿಗೆ ಕಲಿಸಿದರು.

1959ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಮೇ 9ರಂದು ತೀರಿಕೊಂಡರು. ಸಂಸ್ಥೆಯ ಗುರುತು ಆಲದ ಮರ. ಅದರ ಬಿಳಲುಗಳು ಇಂದು ನೂರಾರು ಶಾಲೆ, ಕಾಲೇಜುಗಳಾಗಿ ನೆಲ ಹಿಡಿದಿವೆ.

ನಮ್ಮ ಬ್ಯಾರಿ ಸಮಾಜವೂ ಈಗ ಶಾಲೆ, ಹಾಸ್ಟೆಲು, ವಿದ್ಯಾರ್ಥಿವೇತನಗಳಿಗಾಗಿ ಕೈಬಿಚ್ಚಿ ಕೊಡುತ್ತಿದೆ. ಅದು ಬೇಕು. ಹಿಂದುಳಿದವರಿಗೆ ಸಮುದಾಯದ ಹಾಸ್ಟೆಲು ಮೊದಲ ಮೆಟ್ಟಿಲು ಎಂಬುದನ್ನು ಶಾಹು ಮಹಾರಾಜರೇ ತೋರಿಸಿದರು. ಎರಡನೆಯ ಮೆಟ್ಟಿಲು ಭಾವೂರಾವ್ ತೋರಿಸಿದ್ದು: ನಮ್ಮ ದುಡ್ಡಿನ ಅನ್ನದ ಪಂಕ್ತಿಯಲ್ಲಿ ನೆರೆಮನೆಯ ಬಡ ಮಗುವಿಗೂ ಒಂದು ಎಲೆ. ಮುಂದಿನ ಸಲ ಜಮಾಅತಿನಲ್ಲಿ ಹಾಸ್ಟೆಲಿನ ಮಾತು ಬಂದಾಗ ಹಿರಿಯರು ಈ ಎರಡನೆಯ ಮೆಟ್ಟಿಲಿನ ಬಗ್ಗೆಯೂ ಯೋಚಿಸಲಿ. ನಾಳೆಯ ಮುಂದಾಳು ಯಾವ ಮನೆಯ ಮಗುವೋ ಯಾರಿಗೆ ಗೊತ್ತು.