ಮನೆಯೇ ಮೊದಲ ದೇವಾಲಯ

ದೇವರ ಅಪಾರ ಕೃಪೆಯಿಂದ ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದೆ. ಈ ಶುಭ ಸಂದರ್ಭದಲ್ಲಿ ಇದನ್ನು ಕಟ್ಟಿಸಿದವರನ್ನೂ, ಇಲ್ಲಿ ದುಡಿದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ ನೆನೆಯುವುದು ನಮ್ಮ ಕರ್ತವ್ಯ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಈ ಸೀಮೆಯಲ್ಲಿ ವಿಶ್ವಾಸದ ಚರಿತ್ರೆಯು ಕಲ್ಲು ಗಾರೆಯ ಗೋಡೆಗಳಿಗಿಂತ ಹಳೆಯದು. ಬಹುಕಾಲ ಅದನ್ನು ಕಾಪಾಡಿಕೊಂಡು ಬಂದವು ನಮ್ಮ ಹಿರಿಯರ ಮನೆಗಳು. ಆ ಮನೆಗಳತ್ತ ಒಮ್ಮೆ ತಿರುಗಿ ನೋಡುವುದೇ ಈ ಲೇಖನದ ಉದ್ದೇಶ.

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರುಗಳಾದ ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶದ ಗ್ರಂಥವನ್ನು ರಚಿಸಿದರು. ಒಲೆಯ ಮುಂದೆ ಆಡುವ ಭಾಷೆಯಲ್ಲಿ ಹೇಳದ ಧರ್ಮವು ಮನೆಯೊಳಗೆ ಬಾರದಷ್ಟೆ! ಕನಕಪುರ ಸೀಮೆಯ ಹಾರೋಬೆಲೆಯು ಈ ನಾಡಿನ ಹಳೆಯ ಕ್ರೈಸ್ತ ನೆಲೆಗಳಲ್ಲೊಂದು.

1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದರು. ಗುರುಗಳು ವಿರಳರಾದರು. ಅದರ ಬೆನ್ನಿಗೇ ಮೈಸೂರಿನ ಯುದ್ಧಗಳು. 1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದರು. 1799ರಲ್ಲಿ ಆ ಕೋಟೆ ಬಿದ್ದ ಬಳಿಕ ಫ್ರಾನ್ಸಿನ ಗುರು ಅಬ್ಬೆ ದುಬುವಾರವರು ಬಂದು, ಚದುರಿದ ಮಂದೆಯನ್ನು ಒಟ್ಟುಗೂಡಿಸತೊಡಗಿದರು. ಜನರಿಂದ 'ದೊಡ್ಡಸ್ವಾಮಿ' ಎನಿಸಿಕೊಂಡ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು.

1773ರಿಂದ 1799 ಎಂದರೆ ಇಪ್ಪತ್ತಾರು ವರ್ಷ. ಹುಟ್ಟಿದ ಹೆಣ್ಣುಮಗು ಬೆಳೆದು ತಾಯಿಯಾಗುವಷ್ಟು ಕಾಲ. ಬಲಿಪೂಜೆಯೇ ಅಪರೂಪವಾದ ಆ ದಿನಗಳಲ್ಲಿ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲು ಕಲಿಸಿದವರಾರು? ಪರಲೋಕ ಜಪವನ್ನು ಬಾಯಿಪಾಠ ಮಾಡಿಸಿದವರಾರು? ತಾಯಂದಿರು, ಅಜ್ಜಿಯರು, ಊರಿನ ಉಪದೇಶಿಗಳಲ್ಲದೆ ಬೇರೆ ಯಾರಿದ್ದರು! ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ಅಜ್ಜಿಯ ಮತ್ತು ತಾಯಿಯ ವಿಶ್ವಾಸವನ್ನು ಹೆಸರು ಹಿಡಿದು ನೆನೆದದ್ದು ಸುಮ್ಮನಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದೂ, ತಂದೆತಾಯಿಯರನ್ನು ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದೂ ಸಾರಿತು. ನಮ್ಮ ಹಿರಿಯರು ಆ ಮಾತನ್ನು ಕೇಳುವ ಮೊದಲೇ ಬಾಳಿ ತೋರಿಸಿದ್ದರು.

ಅವರ ಪಾಠಶಾಲೆಯಾದರೂ ಯಾವುದು? ನಿತ್ಯದ ದುಡಿಮೆಯೇ. ರೇಷ್ಮೆ ಸಾಕುವ ಮನೆಯನ್ನು ನೋಡೋಣ. ಮರಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಬಲಿತ ಹುಳುವಿಗೆ ಬಲಿತ ಸೊಪ್ಪು. ಎಳೆಯರಿಗೆ ಹಾಲು, ಬೆಳೆದವರಿಗೆ ಗಟ್ಟಿ ಆಹಾರ ಎಂಬ ಪೌಲರ ಉಪದೇಶದ ಸಾರವೂ ಇದೇ. ಗೂಡು ಕಟ್ಟುವ ಮುನ್ನ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ನಿಲ್ಲಿಸಿ, ತಟ್ಟೆಯನ್ನು ಅಲುಗಿಸದೆ, ಅದು ಪೊರೆ ಕಳಚಿ ಏಳುವವರೆಗೆ ಕಾಯಬೇಕು. ಹದಿಹರೆಯದ ಮಗ ಮಾತು ಬಿಟ್ಟು ಕುಳಿತಾಗ ಉಪದೇಶದ ಮೇಲೆ ಉಪದೇಶ ಸುರಿಯುವ ತಂದೆಯು ಈ ತಾಳ್ಮೆಯನ್ನು ಹುಳುಮನೆಯಿಂದಲೇ ಕಲಿಯಬಹುದು. ಕಾಯುವುದೆಂದರೆ ಕೈಬಿಡುವುದಲ್ಲ. ಕೊನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವು ಹೇಳತೀರದು. ಆಗ ಇರುಳಿನಲ್ಲೂ ಎದ್ದು ಸೊಪ್ಪು ಹಾಕುವ ತಾಯಿಯನ್ನು ಕಂಡ ಮಗುವಿಗೆ, ಸದಾ ಎಚ್ಚರದಿಂದಿರಬೇಕೆಂಬ ಯೇಸುಸ್ವಾಮಿಯ ಬೋಧನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲೂ ಇಂಥದೇ ಪಾಠವುಂಟು. ಅವರು ಆಲೆ ಮರವನ್ನು ಮೊದಲು ಚೆನ್ನಾಗಿ ಒಣಗಿಸುತ್ತಾರೆ. ಅವಸರಪಟ್ಟರೆ ಬೊಂಬೆ ಬಿರುಕು ಬಿಡುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮಕ್ಕಳಿಗೆ ವಿಶ್ವಾಸವು ಹತ್ತುವುದೂ ಹೀಗೆ ಹತ್ತಿರದ ಒಡನಾಟದಿಂದ, ಜೊತೆಗೆ ಬಾಳಿದ ಬಾಳಿನ ಬಿಸಿಯಿಂದ. ಲೋಕರಕ್ಷಕನು ತನ್ನ ಇಹಜೀವನದ ಬಹುಭಾಗವನ್ನು ನಜರೇತಿನ ಬಡಗಿಯ ಮನೆಯಲ್ಲಿ, ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ವಿಧೇಯನಾಗಿ ಕಳೆದನೆಂಬುದನ್ನು ನಾವು ಮರೆಯಬಾರದು.

1886ರಲ್ಲಿ ಮೈಸೂರು, 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯಗಳು ಸ್ಥಾಪನೆಯಾದವು. ದೇವಾಲಯಗಳೆದ್ದವು, ಶಾಲೆಗಳು ಬಂದವು, ಧರ್ಮೋಪದೇಶದ ತರಗತಿಗಳೂ ನಡೆಯುತ್ತಿವೆ. ಅಂದು ದೇವಾಲಯ ದೂರವಿತ್ತು, ಆದರೆ ಮನೆಯಲ್ಲಿ ಜಪವಿತ್ತು. ಇಂದು ದೇವಾಲಯದ ಗಂಟೆ ಕಿವಿಗೆ ಕೇಳುತ್ತದೆ, ಮನೆಯಲ್ಲಿ ಜಪಸರವು ಮೊಳೆಗೆ ತೂಗಿದಂತೆಯೇ ಇರುತ್ತದೆ. ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದ ತಂದೆ ಮನೆ ಸೇರುವ ಹೊತ್ತಿಗೆ ಮಗು ಮಲಗಿರುತ್ತದೆ. ಎಚ್ಚರವಿದ್ದರೂ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲ್. ಭಾನುವಾರದ ಒಂದು ಗಂಟೆಯ ತರಗತಿಯು ಆರು ದಿನಗಳ ಈ ಕೊರತೆಯನ್ನು ತುಂಬೀತೆ?

ದೊಡ್ಡ ವ್ರತಗಳು ಬೇಕಾಗಿಲ್ಲ. ಊಟಕ್ಕೆ ಕೂರುವ ಮುನ್ನ ಎಲ್ಲರೂ ಕೂಡಿ ಒಂದು ಜಪ. ಮಲಗುವ ಮುನ್ನ ಗಂಡಹೆಂಡಿರು, ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕ್ಷಮಿಸುವ ಒಂದು ಮಾತು. ಹಬ್ಬದ ಅಡುಗೆಯಲ್ಲಿ ಜಾತಿಮತ ನೋಡದೆ ನೆರೆಮನೆಗೊಂದು ಪಾಲು. ಇಷ್ಟನ್ನು ಕಂಡು ಬೆಳೆದ ಮಗು ಯಾವ ಊರಿಗೆ ಹೋದರೂ ತನ್ನ ದೇವಾಲಯವನ್ನು ಎದೆಯಲ್ಲಿ ಕೊಂಡೊಯ್ಯುತ್ತದೆ. ಕಟ್ಟಡವನ್ನು ಒಂದು ತಲೆಮಾರು ಕಟ್ಟಿದರೆ ಮುಂದಿನವರು ಸುಣ್ಣ ಬಳಿದು ಉಳಿಸಿಕೊಳ್ಳಬಹುದು; ಗೃಹಸಭೆಯನ್ನಾದರೋ ಪ್ರತಿಯೊಂದು ತಲೆಮಾರೂ ಬುನಾದಿಯಿಂದಲೇ ಕಟ್ಟಬೇಕು. ಪವಿತ್ರ ಕುಟುಂಬದ ಆಶೀರ್ವಾದದಿಂದ ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಯಲ್ಲಿಯೂ ಆ ಕೆಲಸವು ಈ ಶತಮಾನೋತ್ಸವದಿಂದ ಹೊಸದಾಗಿ ಮೊದಲಾಗಲೆಂದು ಹಾರೈಸುತ್ತೇವೆ.