ದವಡೆ ಮೂಳೆ ಕಿವಿಗೆ ಹೋದ ಕಥೆ (ಭಾಗ 3)

ಡೈನೋಸಾರ್ ಸತ್ಮೇಲೆ ಸಸ್ತನಿಗಳು ಬಂದ್ವು ಅಂದ್ಕೊಂಡಿದೀರಾ? ಇಲ್ಲ ಕಣ್ರೋ. ಸುಮಾರು 14 ಕೋಟಿ ವರ್ಷ ಅವುಗಳ ಕಾಲಡಿಯಲ್ಲೇ ಬದುಕಿದ್ವು!

ಅಂಥದ್ದೊಂದು ಮೋರ್ಗನುಕೋಡಾನ್. ಸುಮಾರು 20 ಕೋಟಿ ವರ್ಷದ ಹಿಂದಿನದು, ಸುಂಡಿಲಿಯಷ್ಟೇ ಗಾತ್ರ. ವೇಲ್ಸ್‌ನ ಗ್ಲಾಮೋರ್ಗನ್‌ನಲ್ಲಿ ಸಿಕ್ಕ ಹಲ್ಲು ನೋಡಿ 1949ರಲ್ಲಿ ವಾಲ್ಟರ್ ಕ್ಯೂನ ಹೆಸರಿಟ್ಟರು. ಅದಕ್ಕೆ ಹಲ್ಲು ಬದಲಾಗ್ತಿದ್ದದ್ದು ನಮ್ಮ ಥರ ಒಂದೇ ಸಲ. ಅಂದ್ರೆ ಮರಿಗಳು ಹಾಲು ಕುಡೀತಿದ್ವು ಅನ್ನೋಕೆ ಸುಳಿವು.

ಕೆಲವು ವಿಜ್ಞಾನಿಗಳು ಇದು ಸಸ್ತನಿ ಅಲ್ಲ, ಹತ್ತಿರದ ನೆಂಟ ಅಷ್ಟೇ ಅಂತಾರೆ. ದವಡೆ ನೋಡಿದ್ರೆ ನನಗಂತೂ ನಮ್ಮೋರೇ ಅನ್ಸುತ್ತೆ. ಸರೀಸೃಪಗಳ ದವಡೆ ಕೀಲು ಬೇರೆ, ನಮ್ಮದು ಬೇರೆ; ಇದಕ್ಕೆ ಎರಡೂ ಇತ್ತು! ಮುಂದಿನ ಪೀಳಿಗೆಗಳಲ್ಲಿ ಆ ಹಳೇ ಕೀಲಿನ ಮೂಳೆಗಳು ಚಿಕ್ಕದಾಗಿ ಕಿವಿಯೊಳಗೆ ಸೇರ್ಕೊಂಡ್ವು. ಸ್ಕೂಲಲ್ಲಿ ಓದಿದ ಸುತ್ತಿಗೆ, ಅಡಿಗಲ್ಲು ಮೂಳೆ ನೆನಪಿದ್ಯಾ? ಅವೇ ಇವು.